ಸಹಾಯ ಬೇಕು: ನುಡಿಗಟ್ಟಿನ ಸುಳಿವು ಬಂದರೆ ಪದಬಂಧ ಅಲ್ಲೇ ನಿಲ್ಲುತ್ತದೆ

ಎಲ್ಲರಿಗೂ ನಮಸ್ಕಾರ. ಪದಬಂಧದಲ್ಲಿ ಸಮಾನಾರ್ಥಕ ಪದವನ್ನೋ ಪುರಾಣದ ಹೆಸರನ್ನೋ ಕೇಳಿದರೆ ಹೇಗೋ ತುಂಬಿಸುತ್ತೇನೆ. ನುಡಿಗಟ್ಟನ್ನು ತಿರುಚಿ ಕೊಟ್ಟ ಸುಳಿವು ಬಂದರೆ ಮಾತ್ರ ತಲೆಯೇ ಓಡುವುದಿಲ್ಲ.

‘ಓಡಿಹೋಗುವವನು ಕಾಲಿಗೆ ಹೇಳುವುದು’, ಎರಡಕ್ಷರ. ಇದು ‘ಬುದ್ಧಿ’ ಅಂತ ಗೊತ್ತಾಯಿತು. ನುಡಿಗಟ್ಟಿನಲ್ಲಿ ಬಿಟ್ಟ ಪದವೇ ಉತ್ತರ. ಆದರೆ ‘ನೀರಿನಲ್ಲಿ ಹೋಮ ಮಾಡಿದಂಥದ್ದು’ ಅಂದರೆ ‘ವ್ಯರ್ಥ’. ಇಲ್ಲಿ ನುಡಿಗಟ್ಟು ಪೂರ್ತಿ ಸುಳಿವಿನಲ್ಲೇ ಇದೆ, ಬರೆಯಬೇಕಾದದ್ದು ಅದರ ಅರ್ಥ. ಎರಡೂ ಬಗೆ ಒಂದೇ ಪದಬಂಧದಲ್ಲಿ ಬರುತ್ತವೆ. ನನಗೆ ಗೊಂದಲ ಶುರುವಾಗುವುದೇ ಇಲ್ಲಿ.

ಈಗ ಸಿಕ್ಕಿಹಾಕಿಕೊಂಡಿರುವ ಸುಳಿವು: ‘ಹೊಟ್ಟೆಗೆ ಹಾಕಿಕೊಂಡರೂ ಅಜೀರ್ಣವಾಗದು’. ಇದೂ ಎರಡಕ್ಷರ. ಮೇಲಿನಿಂದ ಕೆಳಕ್ಕೆ ‘ಮುಪ್ಪು’ ಖಚಿತ, ಹಾಗಾಗಿ ಕೊನೆಯ ಅಕ್ಷರ ‘ಪ್ಪು’. ಉಪ್ಪು, ಸೊಪ್ಪು ಎರಡೂ ಚೌಕದಲ್ಲಿ ಕೂರುತ್ತವೆ. ಆದರೆ ಆ ‘ಹಾಕಿಕೊಂಡರೂ’ ಸುಮ್ನೆ ಬಂದಿರಲಿಕ್ಕಿಲ್ಲ, ಅಲ್ವಾ? ಏನೋ ನುಡಿಗಟ್ಟು ಅಡಗಿದೆ ಅನ್ನಿಸುತ್ತದೆ. ಮೊದಲ ಅಕ್ಷರದ ಚೌಕಕ್ಕೆ ಬೇರೆ ಪದದ ಆಸರೆ ಇಲ್ಲ. ನಿಘಂಟಿನಲ್ಲಿ ‘ಹೊಟ್ಟೆ’ಯ ಕೆಳಗೆ ಹುಡುಕಿದೆ. ಹೊಟ್ಟೆಕಿಚ್ಚು, ಹೊಟ್ಟೆಪಾಡು ಸಿಕ್ಕವು, ಬೇಕಾದದ್ದು ಸಿಗಲಿಲ್ಲ. ಉತ್ತರದ ಪುಟ ತೆರೆಯಲು ಮನಸ್ಸಿಲ್ಲ. ಬಿಡಿಸುವ ದಾರಿ ಗೊತ್ತಾದರೆ ಮುಂದಿನ ಸುಳಿವುಗಳಿಗೂ ಆಗುತ್ತದೆ.

ಬಲ್ಲವರು ದಯವಿಟ್ಟು ಹೇಳಿ. ಈ ಎರಡಕ್ಷರ ಯಾವುದು, ಯಾವ ನುಡಿಗಟ್ಟಿನಿಂದ ಬಂತು? ಇನ್ನೊಂದು, ಸುಳಿವು ಓದಿದ ಕೂಡಲೇ ಬಿಟ್ಟ ಪದ ಬೇಕೋ ಅರ್ಥ ಬೇಕೋ ಅಂತ ನೀವು ಹೇಗೆ ಗುರುತಿಸುತ್ತೀರಿ?