ಮರಿ ಪಿರಾನಾಗಳು ಒಂದನ್ನೊಂದು ತಿಂತಿವೆ, ಉಳಿದ 6ನ್ನಾದ್ರೂ ಉಳಿಸ್ಕೊಳ್ಳೋದು ಹೇಗೆ?

ದಾವಣಗೆರೆ_ಟ್ಯಾಂಕ್:
ಎಲ್ಲರಿಗೂ ನಮಸ್ಕಾರ. ಕೆಂಪು ಹೊಟ್ಟೆ ಪಿರಾನಾ ಮರಿ 8 ತಂದಿದ್ದೆ, ಈಗ 6 ಇವೆ. ಒಂದರ ತಲೆ, ಮುಳ್ಳು ಮಾತ್ರ ಬೆಳಿಗ್ಗೆ ಮರಳ ಮೇಲೆ ಬಿದ್ದಿತ್ತು. ಇನ್ನೊಂದರದ್ದು ಅದೂ ಸಿಗಲಿಲ್ಲ. ಉಳಿದವುಗಳಲ್ಲಿ ಎರಡಕ್ಕೆ ಬಾಲ ಅರ್ಧ ಇಲ್ಲ, ಅದರಲ್ಲೂ ಚಿಕ್ಕದು ಹೀಟರ್ ಹಿಂದೆ ಸೇರ್ಕೊಂಡ್ರೆ ಹೊರಗೇ ಬರಲ್ಲ.

ಟ್ಯಾಂಕ್ 30x12x15 ಇಂಚು. ಗಾಜಿಗೆ ನೇತುಹಾಕೋ ಹ್ಯಾಂಗ್ ಆನ್ ಫಿಲ್ಟರ್, ಜೊತೆಗೆ ಒಂದು ಸ್ಪಾಂಜ್ ಫಿಲ್ಟರ್. ಬಿಳಿ ಮರಳು, ಗಿಡ ಇಲ್ಲ. ಎಲ್‌ಇಡಿ ಬೆಳಿಗ್ಗೆ ಹಾಕಿದ್ರೆ ಮಲಗೋವಾಗ ಆರಿಸೋದು. ಬೆಳಿಗ್ಗೆ 9ಕ್ಕೆ, ರಾತ್ರಿ 8ಕ್ಕೆ ಸೀಗಡಿ. ಎಲ್ಲಕ್ಕಿಂತ ದೊಡ್ಡದು 6 ಸೆಂ.ಮೀ., ಚಿಕ್ಕದು 3.5. ಅಂಗಡಿಯವರನ್ನ ಕೇಳಿದ್ರೆ "ಅದರ ಜಾತಿನೇ ಹಂಗೆ, ಗಟ್ಟಿ ಇರೋದು ಉಳೀತದೆ" ಅಂತಾರೆ. ಅಷ್ಟೇನಾ?

ಗಪ್ಪಿಯಿಂದ_ಶುರು:
ಮೊದಲು ಮೀನಿನ ಪಕ್ಕದಿಂದ ತೆಗೆದ ಒಂದು ಫೋಟೋ ಹಾಕಿ ಸರ್. ನಮ್ಮ ಕಡೆ ಪಿರಾನಾ ಅಂತ ಮಾರೋದ್ರಲ್ಲಿ ಎಷ್ಟೋ ಸಲ ರೂಪಚಂದ್ ಮರಿ ಇರುತ್ತೆ. ಅದೇ, ಮೀನು ಮಾರ್ಕೆಟ್‌ನಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗೋ ಪಾಕು. ಮರಿಯಲ್ಲಿ ಕೆಂಪು ಹೊಟ್ಟೆ, ಮೈಮೇಲೆ ಚುಕ್ಕೆ, ಥೇಟ್ ಪಿರಾನಾ. ಕೆಳದವಡೆ ಮುಂದಕ್ಕೆ ಚಾಚಿ, ಹಲ್ಲು ತ್ರಿಕೋನವಾಗಿ ಚೂಪಾಗಿದ್ರೆ ಪಿರಾನಾ. ಹಲ್ಲು ಮನುಷ್ಯರ ಹಲ್ಲಿನ ಹಾಗೆ ಚಪ್ಪಟೆ ಇದ್ರೆ ರೂಪಚಂದ್.

ದಾವಣಗೆರೆ_ಟ್ಯಾಂಕ್:
ಫೋಟೋ ಹಾಕಿದ್ದೀನಿ. ಸತ್ತ ಮೀನಿನ ತಲೆದೂ ಇದೆ, ಹಲ್ಲು ನೋಡಿ.

ಗಪ್ಪಿಯಿಂದ_ಶುರು:
ಅಬ್ಬಾ. ಅನುಮಾನವೇ ಇಲ್ಲ, ಅಸಲಿ ಮಾಲು. ನನಗೆ ಇದರ ಅನುಭವ ಇಲ್ಲ, ಗೊತ್ತಿರೋರು ಹೇಳ್ಲಿ.

ಹಳೇ_ಸಂಪ್:
ಅಂಗಡಿಯವರ ಮಾತು ಪಕ್ಕಕ್ಕಿಡಿ. "ಗಟ್ಟಿ ಇರೋದು ಉಳೀತದೆ" ಅಂತ ಬಿಟ್ರೆ ಕೊನೆಗೆ ಒಂದೇ ಮೀನು ಉಳಿಯೋದು, ಆಮೇಲೆ ನೀವು ಇನ್ನೂ ನಾಲ್ಕು ಕೊಂಡುಕೊಳ್ಳೋಕೆ ಹೋಗೋದು. ವ್ಯಾಪಾರಕ್ಕೆ ಒಳ್ಳೇದೇ ಬಿಡಿ.

ಬೇರೆ ಮೀನು ತನ್ನ ಜಾತಿಯನ್ನ ತಿನ್ನಬೇಕಂದ್ರೆ ಸಾಮಾನ್ಯವಾಗಿ ಪೂರ್ತಿ ನುಂಗೋಷ್ಟು ಬಾಯಿ ಬೇಕು. ಪಿರಾನಾಗೆ ಆ ಹಂಗಿಲ್ಲ, ಕಚ್ಚಿ ತುಂಡು ಕೀಳುತ್ತೆ. ಕಾಡಿನ ನದಿಗಳಲ್ಲೂ ಮರಿಗಳ ಊಟದಲ್ಲಿ ಬೇರೆ ಮೀನುಗಳ ಫಿನ್, ಹುರುಪೆಗಳದ್ದು ದೊಡ್ಡ ಪಾಲು. ಅಂದ್ರೆ ನಿಮ್ಮ ಟ್ಯಾಂಕಲ್ಲಿ ನಡೀತಿರೋದು ಸಿಟ್ಟಿಗಿಂತ ಹೆಚ್ಚಾಗಿ ಊಟ. ಮೊದಲು ಯಾರದೋ ಬಾಲದ ಅಂಚು ಹೋಗುತ್ತೆ. ಬಾಲ ಹೋದದ್ದು ನಿಧಾನ ಆಗುತ್ತೆ. ನಿಧಾನ ಆದದ್ದಕ್ಕೆ ಎರಡನೇ ಕಚ್ಚು, ಮೂರನೇದು, ಬೆಳಿಗ್ಗೆ ನಿಮಗೆ ಮುಳ್ಳು. ಹಾಗಾಗಿ ಇವತ್ತೇ ಮಾಡಬೇಕಾದ್ದು ಜಗಳ ಬಿಡಿಸೋದಲ್ಲ, ಬಾಲ ಹರಿದ ಎರಡನ್ನ ಅಲ್ಲಿಂದ ತೆಗೆಯೋದು. ರಾತ್ರಿ ಕಳೀಲಿ ಅಂತ ಕಾಯಬೇಡಿ.

50–60 ಲೀಟರಿನ ಪ್ಲಾಸ್ಟಿಕ್ ಟಬ್ ಸಾಕು. ಈಗಿರೋ ಸ್ಪಾಂಜ್ ಫಿಲ್ಟರನ್ನೇ ಅದಕ್ಕೆ ಹಾಕಿ, ಅದರಲ್ಲಿ ನೀರಿನ ಕೊಳೆ ಕರಗಿಸೋ ಒಳ್ಳೇ ಬ್ಯಾಕ್ಟೀರಿಯಾ ಆಗಲೇ ಕೂತಿರುತ್ತೆ. ಟಬ್ಬಲ್ಲಿ ಆ ಎರಡು ಮೀನಿನ ಮಧ್ಯೆ ಟ್ಯೂಬ್‌ಲೈಟ್ ಡಿಫ್ಯೂಸರ್ ಜಾಲರಿ (ಚೌಕ ತೂತುಗಳ ಗಟ್ಟಿ ಪ್ಲಾಸ್ಟಿಕ್) ಕತ್ತರಿಸಿ ನಿಲ್ಲಿಸಿ. ತೆಳು ನೈಲಾನ್ ಬಲೆ ಬೇಡ, ಕಡೀತವೆ. ಮೀನು ಹಿಡಿಯೋವಾಗಲೂ ಬಲೆಗಿಂತ ಪ್ಲಾಸ್ಟಿಕ್ ಡಬ್ಬಿ ವಾಸಿ, ಹಲ್ಲು ದಾರಕ್ಕೆ ಸಿಕ್ಕಿಹಾಕಿಕೊಂಡ್ರೆ ಬಿಡಿಸೋಕೆ ನಿಮ್ಮ ಬೆರಳೇ ಹೋಗಬೇಕಾಗುತ್ತೆ.

ಉಳಿದ ನಾಲ್ಕರಲ್ಲಿ 6 ಸೆಂ.ಮೀ. ಇರೋದನ್ನ ದೊಡ್ಡ ಟ್ಯಾಂಕಲ್ಲೇ ಇನ್ನೊಂದು ಜಾಲರಿಯ ಆಚೆ ಹಾಕಿ. ಅದನ್ನ ತೆಗೆದ ಮಾತ್ರಕ್ಕೆ ಮುಗೀತು ಅಂದ್ಕೋಬೇಡಿ, ಮರುದಿನವೇ ಎರಡನೇದು ಪಟ್ಟಕ್ಕೇರುತ್ತೆ. ಆದ್ರೆ ಒಂದೇ ಸೈಜಿನ ಮೂರು ಇದ್ರೆ ಒದ್ದಾಟ ಕಚ್ಚೋವರೆಗೆ ಹೋಗೋದು ಕಡಿಮೆ.

ಊಟದ ಸಮಯ ಬದಲಾಯಿಸ್ಲೇಬೇಕು. ರಾತ್ರಿ 8ರಿಂದ ಬೆಳಿಗ್ಗೆ 9, ಹದಿಮೂರು ಗಂಟೆ ಖಾಲಿ ಹೊಟ್ಟೆ! ಈ ವಯಸ್ಸಿಗೆ ದಿನಕ್ಕೆ 3–4 ಸಲ ಸ್ವಲ್ಪ ಸ್ವಲ್ಪ ಹಾಕಿ, ಕೊನೇದು ಲೈಟ್ ಆರಿಸೋಕೆ ಸ್ವಲ್ಪ ಮುಂಚೆ. ಸೀಗಡಿಯನ್ನ ಕಡಲೆಕಾಳಿನಷ್ಟು ಸಣ್ಣಗೆ ಹೆಚ್ಚಿ. ದೊಡ್ಡ ತುಂಡು ಒಂದೇ ಹಾಕಿದ್ರೆ ಎಲ್ಲವೂ ಒಂದೇ ಕಡೆ ಮುಗಿಬೀಳ್ತವೆ, ಆ ನೂಕುನುಗ್ಗಲಲ್ಲೇ ಪಕ್ಕದವನ ಫಿನ್ ಹೋಗೋದು. ಎಡಗಡೆ, ಬಲಗಡೆ, ಮಧ್ಯ, ಮೂರು ಕಡೆ ಒಂದೇ ಸಲ ಬೀಳೋ ಹಾಗೆ ಹಾಕಿ. ಉಳಿದದ್ದನ್ನ ಹತ್ತು ನಿಮಿಷದಲ್ಲಿ ತೆಗೀರಿ, ಇಲ್ದಿದ್ರೆ ಕೊಳೆತು ಮೀನಿಗೆ ವಿಷವಾದ ಅಮೋನಿಯಾ ಏರುತ್ತೆ.

ಸಂಖ್ಯೆ ಬಗ್ಗೆ ಒಂದು ಮಾತು. ಈ ಮೂರು ಈಗ ತಾತ್ಕಾಲಿಕ ಅಷ್ಟೇ. ಕಾಯಂ ಆಗಿ ಎರಡು, ಮೂರು ಸಾಕೋದು ಎಲ್ಲಕ್ಕಿಂತ ಕೆಟ್ಟದ್ದು, ಒಂದೇ ಮೀನಿನ ಮೇಲೆ ಎಲ್ಲ ಏಟೂ ಬೀಳುತ್ತೆ. ಒಂದೇ ಸಾಕಿ, ಇಲ್ಲ ಆರಾದ್ರೂ ಇರಲಿ.

ಲೈವ್‌ಫೀಡ್_ಗುರು:
ಇಷ್ಟೆಲ್ಲಾ ಯಾಕೆ ಬ್ರೋ. ಟ್ಯಾಂಕಿಗೆ 20 ಫೀಡರ್ (ಬೇರೆ ಮೀನಿಗೆ ತಿನ್ನಿಸೋಕೆ ಮಾರೋ) ಗೋಲ್ಡ್‌ಫಿಶ್ ಬಿಡಿ, ಅವನ್ನ ಅಟ್ಟಿಸ್ಕೊಂಡು ಹೋಗ್ತಾ ತಮ್ಮತಮ್ಮಲ್ಲಿ ಕಚ್ಚಾಡೋದು ಮರೀತವೆ. ನೋಡೋಕೂ ಮಜಾ.

ಹಳೇ_ಸಂಪ್:
ಮಜಾ ನಮಗೆ, ಮೀನಿಗಲ್ಲ. ಫೀಡರ್ ಮೀನಿನ ಜೊತೆ ಬಿಳಿ ಚುಕ್ಕೆ ರೋಗ, ಫ್ಲೂಕ್ಸ್ ಅನ್ನೋ ಪರಾವಲಂಬಿ ಹುಳ ಎಲ್ಲಾ ಫ್ರೀ. ಗೋಲ್ಡ್‌ಫಿಶ್ ಮಾಂಸದಲ್ಲಿ ಥಯಾಮಿನೇಸ್ ಅನ್ನೋ ಕಿಣ್ವ ಇರುತ್ತೆ, ಅದು ವಿಟಮಿನ್ ಬಿ1 ಅನ್ನು ಒಡೆಯುತ್ತೆ, ಅದನ್ನೇ ತಿಂದು ಬೆಳೆದ ಮೀನು ಸೊರಗುತ್ತೆ. 85 ಲೀಟರ್ ನೀರಿಗೆ 20 ಗೋಲ್ಡ್‌ಫಿಶ್ ಹಾಕಿದ್ರೆ ಕಚ್ಚಾಟಕ್ಕೆ ಮುಂಚೆ ಅಮೋನಿಯಾನೇ ಎಲ್ಲವನ್ನೂ ಮುಗಿಸುತ್ತೆ. ಕೋಳಿ, ಕುರಿ ಮಾಂಸವೂ ಬೇಡ, ಕೊಬ್ಬು ಜಾಸ್ತಿ. ಸೀಗಡಿ, ಎರೆಹುಳ, ಜಿಲೇಬಿ ಮೀನಿನ ತುಂಡು, ಜೊತೆಗೆ ಮುಳುಗೋ ಪೆಲೆಟ್ (ಒಣ ಗುಳಿಗೆ ಆಹಾರ). ಈಗಿಂದಲೇ ಪೆಲೆಟ್ ರೂಢಿ ಮಾಡಿ, ದೊಡ್ಡವಾದ ಮೇಲೆ ಮೂಸಿಯೂ ನೋಡಲ್ಲ.

ಬೋರ್‌ವೆಲ್_ನೀರು:
ದಾವಣಗೆರೆ ಬಿಸಿಲಲ್ಲಿ ನೀರಿನ ಬಿಸಿ ನೋಡಿದ್ದೀರಾ? ಹೀಟರ್ ಇನ್ನೂ ಆನ್ ಇದ್ರೆ ಆರಿಸಿ. 30 ದಾಟಿದ್ರೆ ಹಸಿವು ಜಾಸ್ತಿ, ಆಮ್ಲಜನಕ ಕಡಿಮೆ, ಎರಡೂ ಸೇರಿ ಸಿಡಿಮಿಡಿ. 25–26ಕ್ಕೆ ಇಳಿಸಿ. ಮೇಲೆ ಒಂದು ಸಣ್ಣ ಫ್ಯಾನ್, ನೀರಿಗೆ ಗಾಳಿಗುಳ್ಳೆ ಬಿಡೋ ಏರ್‌ಸ್ಟೋನ್ ಒಂದು. ಕರೆಂಟ್ ಹೋದಾಗ ಓಡೋಕೆ ಬ್ಯಾಟರಿ ಏರ್‌ಪಂಪ್ ಇಟ್ಕೊಳ್ಳಿ.

ಇನ್ನೊಂದು, ಬಿಳಿ ಮರಳು, ಇಡೀ ದಿನ ಎಲ್‌ಇಡಿ, ಅಡಗೋಕೆ ಒಂದು ಕಡ್ಡಿ ಇಲ್ಲ. ಪಿರಾನಾ ಗುಂಪಲ್ಲಿ ಇರೋದು ಬೇಟೆಗೆ ಅಂತ ಎಲ್ಲರೂ ಅಂದ್ಕೋತಾರೆ. ಅಮೆಜಾನ್‌ನಲ್ಲಿ ಅಧ್ಯಯನ ಮಾಡಿದವರ ಪ್ರಕಾರ ಮೊಸಳೆ, ಡಾಲ್ಫಿನ್, ಕೊಕ್ಕರೆಗಳಿಂದ ತಪ್ಪಿಸ್ಕೊಳ್ಳೋದೇ ಮುಖ್ಯ ಕಾರಣ. ಅಂಜುಬುರುಕ ಮೀನು ಅದು. ಲೈಟ್ 6 ಗಂಟೆ ಸಾಕು. ಮೇಲೆ ಅಂತರಗಂಗೆ ತೇಲಿಬಿಡಿ, ಮನಿ ಪ್ಲಾಂಟ್ ಬೇರು ಇಳಿಬಿಡಿ. ಮರದ ಬೇರೋ ಕಲ್ಲೋ ಇಟ್ಟು, ಒಂದು ತುದಿಯಿಂದ ಇನ್ನೊಂದು ತುದಿ ಕಾಣದ ಹಾಗೆ ಮಾಡಿ. ಕಣ್ಣಿಗೆ ಬಿದ್ರೆ ತಾನೇ ಅಟ್ಟಿಸೋದು.

ಗಪ್ಪಿಯಿಂದ_ಶುರು:
ವಿಷಯಾಂತರಕ್ಕೆ ಕ್ಷಮಿಸಿ. ಇವು ಶಬ್ದ ಮಾಡ್ತವಂತೆ, ನಿಜಾನಾ?

ಹಳೇ_ಸಂಪ್:
ನಿಜ. 2011ರಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದವರು ನೀರೊಳಗೆ ಮೈಕ್ ಇಳಿಸಿ ಕೆಂಪು ಹೊಟ್ಟೆ ಪಿರಾನಾದ್ದೇ ಮೂರು ಶಬ್ದ ದಾಖಲಿಸಿದ್ರು. ಎದುರುಬದುರು ನಿಂತು ಹೆದರಿಸೋವಾಗ ಬೊಗಳಿದ ಹಾಗೆ ಒಂದು, ಊಟಕ್ಕೆ ಜಗಳ ಆಡೋವಾಗ ತಮಟೆ ಬಡಿದ ಹಾಗೆ ಒಂದು. ಮೂರನೇದು ಅಟ್ಟಿಸ್ಕೊಂಡು ಹೋಗೋವಾಗ ಹಲ್ಲು ಕಡಿಯೋದು. ಎದುರುಬದುರು ನಿಂತು ಬರೀ ಹೆದರಿಸ್ತಿದ್ರೆ ಬಿಟ್ಟುಬಿಡಿ, ಅದು ಅವುಗಳ ಪಂಚಾಯ್ತಿ, ಬಹುತೇಕ ಗಾಯವಿಲ್ಲದೆ ಮುಗಿಯುತ್ತೆ. ಒಂದೇ ಮೀನನ್ನ ಬಿಡದೆ ಅಟ್ಟಿಸ್ತಿದ್ರೆ ಮಾತ್ರ ಮಧ್ಯೆ ಹೋಗಿ.

ದಾವಣಗೆರೆ_ಟ್ಯಾಂಕ್:
ಹೇಳಿದ ಹಾಗೆ ಮಾಡಿದೆ. ನೀರು 32 ಇತ್ತು, ಫ್ಯಾನ್ ಹಾಕಿ 27ಕ್ಕೆ ಬಂದಿದೆ. ಆಮೇಲೆ ಒಂದೂ ಸತ್ತಿಲ್ಲ. ಸಣ್ಣ ತುಂಡು ಮೂರು ಕಡೆ ಹಾಕಿದಾಗ ಆ ಮೂರರಲ್ಲಿ ಒಂದು ಬಾಯಲ್ಲಿ ಸೀಗಡಿ ಇಟ್ಕೊಂಡೇ ಮತ್ತೊಂದರ ಹಿಂದೆ ಹೋಯ್ತು, ಅರ್ಧ ದಾರಿಯಲ್ಲಿ ಇನ್ನೊಂದು ತುಂಡು ಕಂಡು ಅತ್ತ ತಿರುಗಿತು. ಟಬ್ಬಿನಲ್ಲಿರೋ ಒಂದರ ಬಾಲದ ತುದಿಯಲ್ಲಿ ಪಾರದರ್ಶಕವಾಗಿ ಹೊಸ ಅಂಚು ಕಾಣ್ತಿದೆ. ಔಷಧಿ ಹಾಕ್ಬೇಕಾ? ವಾಪಸ್ ಯಾವಾಗ ಸೇರಿಸ್ಲಿ?

ಹಳೇ_ಸಂಪ್:
ಪಾರದರ್ಶಕ ಅಂಚು ಅಂದ್ರೆ ಬೆಳೀತಿದೆ, ಔಷಧಿ ಬೇಡ. ಲೀಟರಿಗೆ 1 ಗ್ರಾಂ ಕಲ್ಲುಪ್ಪು, ಅಯೋಡಿನ್ ಇಲ್ಲದ್ದು, ಸಾಕು. ಹತ್ತಿಯ ಹಾಗೆ ಬಿಳಿ ಕಂಡ್ರೆ ಅದು ಫಂಗಸ್, ಆಗ ಮಾತ್ರ ಮೆಥಿಲೀನ್ ಬ್ಲೂ ಅನ್ನೋ ನೀಲಿ ಔಷಧಿ. ಆಗ ಸ್ಪಾಂಜ್ ತೆಗೆದು ಬರೀ ಏರ್‌ಸ್ಟೋನ್ ಇಡಿ, ಆ ನೀಲಿ ಫಿಲ್ಟರಿನ ಬ್ಯಾಕ್ಟೀರಿಯಾನೂ ಕೊಲ್ಲುತ್ತೆ.

ಸೇರಿಸೋಕೆ ದಿನ ಲೆಕ್ಕ ಹಾಕಬೇಡಿ, ಸೈಜ್ ನೋಡಿ. ಟಬ್ಬಿನವು ಆ ಮೂರರ ಸಮಕ್ಕೆ ಬರಲಿ, ಬಾಲ ಪೂರ್ತಿ ಬರಲಿ. ಸೇರಿಸೋ ದಿನ ಎಲ್ಲಕ್ಕೂ ಹೊಟ್ಟೆ ತುಂಬಾ ಹಾಕಿ, ಕಲ್ಲು, ಬೇರು ಎಲ್ಲಾ ಜಾಗ ಬದಲಾಯಿಸಿ, ಲೈಟ್ ಆರಿಸಿ ಬಿಡಿ. ಹಳೇ ಯಜಮಾನನಿಗೂ ಅದು ಹೊಸ ಮನೆ ಅನ್ನಿಸ್ಬೇಕು. 6 ಸೆಂ.ಮೀ.ದನ್ನ ಎಲ್ಲಕ್ಕಿಂತ ಕೊನೇಲಿ ಬಿಡಿ.

ಆದ್ರೆ ಈ ಟ್ಯಾಂಕಲ್ಲಿ ಇದು ತಾತ್ಕಾಲಿಕ. ಇವು 25 ಸೆಂ.ಮೀ. ದಾಟಿ ಬೆಳೆಯೋ ಮೀನು. ಆರಕ್ಕೆ 5x2x2 ಅಡಿ, ಅಂದ್ರೆ 550 ಲೀಟರ್ ಚಿಲ್ಲರೆ ಬೇಕು. ಅಷ್ಟು ಜಾಗ ಇಲ್ಲ ಅಂದ್ರೆ ಈಗಲೇ ಒಂದನ್ನ ಇಟ್ಕೊಂಡು ಉಳಿದದ್ದನ್ನ ದೊಡ್ಡ ಟ್ಯಾಂಕ್ ಇರೋರಿಗೆ ಕೊಡಿ. ನಿಮ್ಮೂರಿನ ಕುಂದವಾಡ ಕೆರೆ ಹತ್ತಿರ ಇದೆ ಅಂತ ಮಾತ್ರ ಅಲ್ಲಿ ಬಿಡೋಕೆ ಹೋಗ್ಬೇಡಿ. ಆಫ್ರಿಕನ್ ಕ್ಯಾಟ್‌ಫಿಶ್, ಸಕ್ಕರ್ ಮೀನು ಬಿಟ್ಟವರ ಪುಣ್ಯ ಈಗಾಗ್ಲೇ ನಮ್ಮ ಕೆರೆಗಳು ಉಣ್ತಿವೆ.

ದಾವಣಗೆರೆ_ಟ್ಯಾಂಕ್:
ಕೆರೆಗೆ ಖಂಡಿತ ಇಲ್ಲ. 5 ಅಡಿಗೆ ಮನೇಲಿ ಒಪ್ಪಿಸ್ಬೇಕು, ಅದು ಪಿರಾನಾಗಿಂತ ಕಷ್ಟ. ಸೆಕೆಂಡ್ ಹ್ಯಾಂಡ್ 12 ಎಂ.ಎಂ. ಗಾಜಿನ ಟ್ಯಾಂಕ್ ಯಾರ ಹತ್ರ ಆದ್ರೂ ಇದ್ರೆ ಇಲ್ಲೇ ತಿಳಿಸಿ.