ಹಳೆ ಫೋನಿಗೆ ಹೊಸ ಬ್ಯಾಟರಿ ಹಾಕಿಸುವುದೋ, ಹೊಸ ತಂತ್ರಜ್ಞಾನಕ್ಕೆ ಕಾಯುವುದೋ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. 2022ರ ಆಂಡ್ರಾಯ್ಡ್ ಫೋನ್, 5000 ಎಂಎಎಚ್ ಬ್ಯಾಟರಿ. ಬ್ಯಾಟರಿ ಹೆಲ್ತ್ ಈಗ 76% ತೋರಿಸುತ್ತಿದೆ. 15% ಚಾರ್ಜ್ ಇರುವಾಗ ಕ್ಯಾಮೆರಾ ತೆರೆದರೆ ಫೋನ್ ಒಮ್ಮೊಮ್ಮೆ ಆಫ್ ಆಗಿಬಿಡುತ್ತದೆ. ಮಿಕ್ಕಿದ್ದೆಲ್ಲ ಚೆನ್ನಾಗಿದೆ. ಈಗ ಬರುತ್ತಿರುವ ಸಿಲಿಕಾನ್-ಕಾರ್ಬನ್ ಬ್ಯಾಟರಿ ಇದೇ ಅಳತೆಯಲ್ಲಿ ಸಿಕ್ಕರೆ ಇದಕ್ಕೆ ಹಾಕಿಸಬಹುದೇ? ಅಥವಾ ಸಾಲಿಡ್-ಸ್ಟೇಟ್ (ಒಳಗೆ ದ್ರವದ ಬದಲು ಘನವಸ್ತು ಇರುವ ಬ್ಯಾಟರಿ) ಬರುವವರೆಗೆ ಹೇಗೋ ತಳ್ಳಿಕೊಂಡು ಹೋಗಲೇ? ಬದಲಿಸುವುದೇ ಸರಿ ಎಂದಾದರೆ ಏನೇನು ನೋಡಿಕೊಳ್ಳಬೇಕು?

ಆನೋಡ್:
ಸಿಲಿಕಾನ್-ಕಾರ್ಬನ್ ಹಾಕಿಸಬೇಡಿ, ಅಳತೆ ಸರಿಯಾಗಿ ಕೂತರೂ ಬೇಡ. ಅಡ್ಡಿ ಬರುವುದು ವೋಲ್ಟೇಜ್‌ನಲ್ಲಿ. ಈಗಿನ ಗ್ರಾಫೈಟ್ ಆನೋಡಿನ (ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಸೇರುವ ಭಾಗ) ಸೆಲ್ ತನ್ನ ಶಕ್ತಿಯ ಬಹುಪಾಲನ್ನು 3.4 ವೋಲ್ಟ್‌ಗಿಂತ ಮೇಲೆಯೇ ಕೊಟ್ಟು ಮುಗಿಸುತ್ತದೆ, ಅಲ್ಲಿಂದ ಕೆಳಕ್ಕೆ ದಡಕ್ಕನೆ ಕುಸಿಯುತ್ತದೆ. ನಿಮ್ಮ ಫೋನು ಆ ಮಟ್ಟದ ಆಸುಪಾಸಿನಲ್ಲೇ ಆಫ್ ಆಗುವ ಹಾಗೆ ತಯಾರಾಗಿರುತ್ತದೆ. ಸಿಲಿಕಾನ್ ಸೇರಿದ ಸೆಲ್ ಹಾಗಲ್ಲ, ಅದರ ವೋಲ್ಟೇಜ್ ನಿಧಾನವಾಗಿ ಇಳಿಯುತ್ತ ಹೋಗುತ್ತದೆ. ನೀವು ದುಡ್ಡು ಕೊಟ್ಟ ಹೆಚ್ಚುವರಿ ಪಾಲಿನಲ್ಲಿ ಬಹಳಷ್ಟು ಇರುವುದು 3.4ರ ಕೆಳಗೆ. ಅದನ್ನು ಬಳಸಿಕೊಳ್ಳಲು ಬೇಕಾದ ಪವರ್ ಸರ್ಕ್ಯೂಟ್ ಹೊಸ ಫೋನಿನಲ್ಲಿ ಇದೆ, ನಿಮ್ಮದರಲ್ಲಿಲ್ಲ. ಸಾಲದ್ದಕ್ಕೆ ಶೇಕಡಾವಾರು ಲೆಕ್ಕ ಹಾಕುವ ಫ್ಯೂಯಲ್ ಗೇಜ್ ಚಿಪ್ ಹಳೆ ಸೆಲ್‌ನ ಗುಣಕ್ಕೆ ಹೊಂದಿಕೊಂಡಿರುವುದರಿಂದ ಅದು ತೋರಿಸುವ ಅಂಕಿಯನ್ನೂ ನಂಬುವ ಹಾಗಿಲ್ಲ.

ಸಿಲಿಕಾನ್ ಮೇಲೆ ಇಷ್ಟು ಆಸೆ ಯಾಕೆಂದರೆ, ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಎಂಎಎಚ್ ಹಿಡಿದರೆ ಒಂದು ಗ್ರಾಂ ಸಿಲಿಕಾನ್ ಸುಮಾರು 3,600 ಹಿಡಿಯುತ್ತದೆ. ಆದರೆ ಲಿಥಿಯಂ ತುಂಬಿದಾಗ ಸಿಲಿಕಾನ್ ಸುಮಾರು 300% ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ನಾಲ್ಕು ದಿನ ಹೀಗಾದರೆ ಪುಡಿಪುಡಿ. ಅದಕ್ಕೇ ಅತಿ ಸೂಕ್ಷ್ಮ ಕಣಗಳನ್ನು ರಂಧ್ರವಿರುವ ಕಾರ್ಬನ್ ಒಳಗೆ ಕೂರಿಸಿ, ಗ್ರಾಫೈಟ್ ಜೊತೆ ಸ್ವಲ್ಪವೇ ಬೆರೆಸುತ್ತಾರೆ. 2023ರಲ್ಲಿ ಹಾನರ್ ಮ್ಯಾಜಿಕ್ 5 ಪ್ರೊ ಚೀನಾದಲ್ಲಿ ಈ ಬ್ಯಾಟರಿಯ 5450, ಹೊರದೇಶಗಳಲ್ಲಿ ಹಳೆ ಬಗೆಯ 5100 ಎಂಎಎಚ್‌ನೊಂದಿಗೆ ಬಂತು. ಮೊದಲ ಹೆಜ್ಜೆಯಲ್ಲಿ ಸಿಕ್ಕ ಲಾಭ ಅಷ್ಟೇ. ವನ್‌ಪ್ಲಸ್ 13ರಲ್ಲಿ ಅದು 6000ಕ್ಕೆ, ವನ್‌ಪ್ಲಸ್ 15ರಲ್ಲಿ 7300ಕ್ಕೆ ಏರಿತು. ವೇಗ ಚೆನ್ನಾಗಿಯೇ ಇದೆ, ಆದರೆ ಅದು ಹೊಸ ಫೋನಿನ ಜೊತೆಗೇ ಸಿಗುವ ಸೌಲಭ್ಯ.

ಬೆಸುಗೆ_ಮೇಜು:
15%ಗೆ ಆಫ್ ಆಗುವುದು ಬ್ಯಾಟರಿಯದ್ದೇ ತೊಂದರೆ ಇರುವ ಸಾಧ್ಯತೆ ಹೆಚ್ಚು. ಹಳತಾದ ಸೆಲ್‌ನ ಒಳರೋಧ ಏರಿರುತ್ತದೆ. ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ವೋಲ್ಟೇಜ್ ಕ್ಷಣಮಾತ್ರ ಕುಸಿದು ಫೋನ್ ನಿಲ್ಲುತ್ತದೆ. ಮೂಲ ಮಾದರಿಯ ಬ್ಯಾಟರಿಯನ್ನೇ ಹಾಕಿಸಿ.

ಕೊಳ್ಳುವಾಗ ಹಳೆ ಬ್ಯಾಟರಿಯ ಲೇಬಲ್ ಪಕ್ಕದಲ್ಲಿಟ್ಟುಕೊಂಡು ನೋಡಿ. ಮಾಡೆಲ್ ನಂಬರ್ ಜೊತೆಗೆ ಚಾರ್ಜಿಂಗ್ ವೋಲ್ಟೇಜ್ ಮಿತಿ (4.4ರಿಂದ 4.5 ವೋಲ್ಟ್ ನಡುವಿನ ಒಂದು ಅಂಕಿ) ಹೊಂದಲೇಬೇಕು. 4.40ರ ಸೆಲ್ ಅನ್ನು 4.48ರವರೆಗೆ ಚಾರ್ಜ್ ಮಾಡುವ ಫೋನಿಗೆ ಹಾಕಿದರೆ ಬೇಗ ಉಬ್ಬುತ್ತದೆ. ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಗುರುತು, ಬ್ಯಾಟರಿ ಸುರಕ್ಷತಾ ಮಾನಕದ ಸಂಖ್ಯೆ ಐಎಸ್ 16046, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಬರುತ್ತದೆ. ತಯಾರಾಗಿ ಎರಡು ವರ್ಷ ಪೆಟ್ಟಿಗೆಯಲ್ಲಿ ಕೂತದ್ದು ಬೇಡ. ಒಂದೇ ಗಾತ್ರದಲ್ಲಿ 6500 ಎಂಎಎಚ್ ಎಂದು ಬರೆದಿದ್ದರೆ ನಂಬಬೇಡಿ. 5000 ಎಂಎಎಚ್‌ನ ಸೆಲ್ ಸುಮಾರು 65–70 ಗ್ರಾಂ ತೂಗುತ್ತದೆ, 50 ಗ್ರಾಂ ಇದ್ದರೆ ಅದರಲ್ಲಿ ಅಷ್ಟು ಸರಕಿಲ್ಲ.

ಬಿಚ್ಚುವ ಮುಂಚೆ ಚಾರ್ಜ್ 25%ಗಿಂತ ಕೆಳಗಿಳಿಸಿ. ಹಿಂಬದಿ ಮುಚ್ಚಳವನ್ನು 70–80 ಡಿಗ್ರಿ ಶಾಖದಲ್ಲಿ ಕೆಲವು ನಿಮಿಷ ಬೆಚ್ಚಗೆ ಮಾಡಿ, ತೆಳು ಪ್ಲಾಸ್ಟಿಕ್ ಕಾರ್ಡ್ ಅಂಚಿನಲ್ಲಷ್ಟೇ ಆಡಿಸಿ. ಆಳಕ್ಕೆ ತೂರಿಸಿದರೆ ಒಳಗಿನ ಫ್ಲೆಕ್ಸ್ ಕೇಬಲ್ (ತೆಳು ಪಟ್ಟಿಯಂಥ ತಂತಿ) ಕತ್ತರಿಸಿಹೋಗುತ್ತದೆ. ಒಳಗೆ ಮೊದಲು ತೆಗೆಯಬೇಕಾದ್ದು ಬ್ಯಾಟರಿ ಕನೆಕ್ಟರ್, ಆಮೇಲೆ ಉಳಿದವು. ಸೆಲ್ ಕೆಳಗಿನ ಅಂಟಿಗೆ 90%ಗಿಂತ ಹೆಚ್ಚಿನ ಐಸೊಪ್ರೊಪೈಲ್ ಆಲ್ಕೊಹಾಲ್ ಕೆಲವು ಹನಿ ಬಿಟ್ಟು, ಎರಡು ಮೂರು ನಿಮಿಷ ಕಾದು, ಪಟ್ಟಿ ಹಿಡಿದು ಎಳೆಯಿರಿ. ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ. ಸೆಲ್ ಬಾಗಿದರೆ ಒಳಗಿನ ಪದರಗಳು ತಾಗಿ ಶಾರ್ಟ್ ಆಗಿ ಹೊತ್ತಿಕೊಳ್ಳಬಹುದು, ಬೆಂಕಿ ಬೀಳುವುದು ಹೆಚ್ಚಾಗಿ ಇಲ್ಲೇ. ಮುಚ್ಚಳ ಅಂಟಿಸುವ ಮೊದಲು ಚಾರ್ಜ್ ಆಗುತ್ತಿದೆಯೇ, ಫಿಂಗರ್‌ಪ್ರಿಂಟ್ ಕೆಲಸ ಮಾಡುತ್ತಿದೆಯೇ ನೋಡಿಬಿಡಿ. ಅಂಗಡಿಯಲ್ಲಿ ಮಾಡಿಸುವುದಾದರೆ ಹೊಸ ಅಂಟುಪಟ್ಟಿ ಹಾಕಲು ಮರೆಯದೆ ಹೇಳಿ, ಹಳೆಯದರ ಮೇಲೇ ಒತ್ತಿ ಕಳಿಸುವವರು ಬಹಳ. ಹಾಕಿದರೂ ಇನ್ನು ಮುಂದೆ ಫೋನಿಗೆ ನೀರು ತಾಗಿಸಬೇಡಿ.

ತೆಗೆದ ಬ್ಯಾಟರಿ ಉಬ್ಬಿದ್ದರೆ ಒತ್ತಬೇಡಿ, ಚುಚ್ಚಬೇಡಿ. ಒಣಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಮುಂದಿನ_ಪೀಳಿಗೆ:
ಸಾಲಿಡ್-ಸ್ಟೇಟ್‌ಗಾಗಿ ಫೋನಿನಲ್ಲಿ ಕಾಯಬೇಡಿ. ಟಿಡಿಕೆ ಕಂಪನಿ 2024ರಲ್ಲಿ ಪ್ರಕಟಿಸಿದ ಸಾಲಿಡ್-ಸ್ಟೇಟ್ ವಸ್ತು ಲೀಟರಿಗೆ 1,000 ವ್ಯಾಟ್-ಅವರ್ ಹಿಡಿಯುತ್ತದೆ, ಆದರೆ ಅದರ ಗುರಿ ಇಯರ್‌ಬಡ್, ವಾಚ್‌ಗಳಂಥ ಸಣ್ಣ ಸಾಧನಗಳು. ಸೆರಾಮಿಕ್ ಆದ್ದರಿಂದ ಗಾತ್ರ ಹೆಚ್ಚಿದಷ್ಟೂ ಬಿರುಕು ಬಿಡುವ ಭಯ. ಹಾಗಾಗಿ ಕಿವಿ, ಮಣಿಕಟ್ಟು, ಉಂಗುರ, ಆ ದಾರಿಯಲ್ಲೇ ಅದು ಬರುವುದು ಸಹಜ.

ನನಗೆ ಹೆಚ್ಚು ಸಂತೋಷ ಕೊಡುವುದು ಯುರೋಪಿನ ನಿಯಮಗಳು. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನಿನ ಬ್ಯಾಟರಿ 800 ಸೈಕಲ್ (ಪೂರ್ತಿ ಒಮ್ಮೆ ತುಂಬಿ ಖಾಲಿಯಾದರೆ ಒಂದು ಸೈಕಲ್) ಆದಮೇಲೂ ಮೂಲ ಸಾಮರ್ಥ್ಯದ 80% ಉಳಿಸಿಕೊಂಡಿರಬೇಕು. 2027ರ ಫೆಬ್ರುವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು. 1,000 ಸೈಕಲ್ ತಾಳುವ, ನೀರು ಒಳಗಿಳಿಯದ ಫೋನುಗಳಿಗೆ ವಿನಾಯಿತಿ ಇರುವುದರಿಂದ ಎಲ್ಲ ಫೋನಿನ ಬೆನ್ನೂ ಉಗುರಿನಲ್ಲಿ ತೆರೆಯುವಂತಾಗುವುದಿಲ್ಲ. ಆದರೂ ಒತ್ತಡ ಬಿದ್ದಿದೆ. ಐಫೋನ್ 16ರಲ್ಲಿ ಬ್ಯಾಟರಿಯ ಅಂಟು 9 ವೋಲ್ಟ್ ಕರೆಂಟ್ ಕೊಟ್ಟರೆ ಒಂದೂವರೆ ನಿಮಿಷದಲ್ಲಿ ಬಿಡುತ್ತದೆ. ಆಲ್ಕೊಹಾಲೂ ಬೇಡ, ಮೀಟುವುದೂ ಬೇಡ. ಎಲ್ಲರೂ ಹೀಗೇ ಮಾಡಲಿ.

ನಿಮ್ಮ ವಿಷಯಕ್ಕೆ ಬಂದರೆ, ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ದಿನಾಂಕ ನೋಡಿ, ಇನ್ನೆಷ್ಟು ದಿನ ಅಪ್‌ಡೇಟ್ ಬರುತ್ತದೆಂದು ಕಂಪನಿಯ ಪುಟದಲ್ಲಿ ಪರಿಶೀಲಿಸಿ. ಒಂದು ವರ್ಷವಾದರೂ ಬಾಕಿ ಇದ್ದರೆ ಬದಲಿಸಿ. ನಿಂತೇ ಹೋಗಿದ್ದರೆ ಆ ದುಡ್ಡು ಹೊಸ ಫೋನಿಗೆ ಇರಲಿ.

ತುಂಗಾತೀರ:
ಅಪ್‌ಡೇಟ್ 2027ರವರೆಗೆ ಇದೆ, ಬದಲಿಸುತ್ತೇನೆ. ಹೊಸ ಬ್ಯಾಟರಿಗೆ 80% ಮಿತಿ ಇಡಬೇಕೇ?

ಆನೋಡ್:
ಇಟ್ಟರೆ ಒಳ್ಳೆಯದು. ತುದಿ ವೋಲ್ಟೇಜ್‌ನಲ್ಲಿ ಗಂಟೆಗಟ್ಟಲೆ ನಿಲ್ಲುವುದು, ಅದರ ಜೊತೆ ಬಿಸಿ, ಇವೆರಡೂ ಸೇರಿದರೇ ಹೆಚ್ಚು ಸವೆತ. ಹಾಕಿಸಿದ ಹೊಸತರಲ್ಲಿ ಒಮ್ಮೆ ಮಾತ್ರ 100%ವರೆಗೆ ತುಂಬಿಸಿ 5% ಆಸುಪಾಸಿಗೆ ಇಳಿಸಿ, ಗೇಜ್ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಆಮೇಲೆ 80%ಗೆ ನಿಲ್ಲಿಸಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿನಲ್ಲಿ ಮ್ಯಾಪ್ ಹಾಕಿಕೊಂಡು ಫಾಸ್ಟ್ ಚಾರ್ಜ್ ಮಾಡುವುದನ್ನು ಬಿಟ್ಟುಬಿಡಿ. ದೂರದ ಪ್ರಯಾಣದ ದಿನ 100% ತುಂಬಿಸಿಕೊಂಡರೆ ಏನೂ ಆಗುವುದಿಲ್ಲ.