ಸೈಕಲ್ ಇಳಿದ ಮೇಲೆ ಕಾಲು ಓಡಲ್ಲ ಅಂತದೆ, ಏನು ಮಾಡಲಿ?

ಮೊದಲ ಸಲ ಟ್ರಯಥ್ಲಾನ್‌ಗೆ ಹೆಸರು ಕೊಟ್ಟಿದ್ದೇನೆ. 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, ಕೊನೆಗೆ 10 ಕಿ.ಮೀ. ಓಟ. ಇನ್ನು 8 ವಾರ ಇದೆ. ಬರೀ ಓಟ ಆದರೆ 10 ಕಿ.ಮೀ. ದೂರವನ್ನು 55 ನಿಮಿಷದಲ್ಲಿ ಮುಗಿಸುತ್ತೇನೆ. ಸೈಕಲ್ ತುಳಿದು ಇಳಿದರೆ ಮಾತ್ರ ಕಾಲು ಮರದ ದಿಮ್ಮಿ. ಮೂರನೇ ಕಿಲೋಮೀಟರ್ ಹೊತ್ತಿಗೆ ನಡೆಯುತ್ತಿರುತ್ತೇನೆ. ಓಟದ ಅಭ್ಯಾಸ ಇನ್ನೂ ಜಾಸ್ತಿ ಮಾಡಬೇಕಾ? ಮಾಡಿ ಗೊತ್ತಿರುವವರು ಹೇಳಿ.

*

ನಿಮ್ಮ ಓಟಕ್ಕೇನೂ ಆಗಿಲ್ಲ. ಸೈಕಲ್ ಹೇಗೆ ತುಳಿಯುತ್ತೀರಿ, ಅದನ್ನು ಮೊದಲು ನೋಡಿ. ಮುಂದೆ ಹೋಗುವವರನ್ನು ಹಿಂದೆ ಹಾಕುವ ಆಸೆಗೆ ಭಾರಿ ಗೇರ್‌ನಲ್ಲಿ ತುಳಿದು ಎರಡು ನಿಮಿಷ ಉಳಿಸುತ್ತೇವೆ. ಆಮೇಲೆ ಓಟದಲ್ಲಿ ಹತ್ತು ನಿಮಿಷ ಕಳೆಯುತ್ತೇವೆ. ಏರಿನಲ್ಲಿ ಗೇರ್ ಇಳಿಸಿ. ಪೆಡಲ್ ನಿಮಿಷಕ್ಕೆ 85ರಿಂದ 90 ಸುತ್ತು ತಿರುಗಲಿ. ತೊಡೆಗೆ ಬೀಳುವ ಭಾರ ಕಡಿಮೆಯಾಗುತ್ತದೆ.

ಇನ್ನು ಬ್ರಿಕ್ ಅಭ್ಯಾಸ. ಅಂದರೆ ಸೈಕಲ್ ಇಳಿದ ತಕ್ಷಣ ಓಡುವುದು. ಇದನ್ನು ಬಹಳ ಜನ ದೊಡ್ಡ ಪರೀಕ್ಷೆ ಮಾಡಿಕೊಂಡುಬಿಡುತ್ತಾರೆ. ಪ್ರತಿ ಭಾನುವಾರ 40 ಕಿ.ಮೀ. ಸೈಕಲ್, ಅದರ ಮೇಲೆ 10 ಕಿ.ಮೀ. ಓಟ, ಆಮೇಲೆ ಬುಧವಾರದವರೆಗೂ ಸುಸ್ತು. ಅಷ್ಟೆಲ್ಲ ಬೇಡ. ವಾರಕ್ಕೆ ಒಂದೆರಡು ಸಲ, ಹೇಗೂ ಸೈಕಲ್ ತುಳಿಯುವ ದಿನವೇ, ಇಳಿದು ಶೂ ಹಾಕಿಕೊಂಡು 15–20 ನಿಮಿಷ ಆರಾಮಾಗಿ ಓಡಿ. ಕಾಲು ಕಲಿಯಬೇಕಿರುವುದು ಮೊದಲ ಒಂದೂವರೆ ಎರಡು ಕಿಲೋಮೀಟರಿನ ಆ ವಿಚಿತ್ರ ನಡಿಗೆಯನ್ನು. ಒಂದೇ ಥರದ ಚಲನೆಗೆ ಒಗ್ಗಿದ ಸ್ನಾಯುಗಳು ಇನ್ನೊಂದಕ್ಕೆ ಹೊರಳಬೇಕಲ್ವಾ? ಅದು ಪದೇ ಪದೇ ಮಾಡಿದರೆ ಬರುತ್ತದೆ, ದೂರ ಹೆಚ್ಚಿಸಿದರೆ ಅಲ್ಲ. ರೇಸ್‌ಗೆ ಮೂರು ವಾರ ಇರುವಾಗ ಒಂದೇ ಒಂದು ಸಲ ಉದ್ದದ ಬ್ರಿಕ್ ಮಾಡಿದರೆ ಸಾಕು.

ಒಂದು ಮೋಸ ಇದೆ, ಗಮನಿಸಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬಂದ ಕಣ್ಣಿಗೆ ಓಟ ತೆವಳಿದ ಹಾಗೆ ಕಾಣುತ್ತದೆ. ನಿಧಾನ ಆಯ್ತು ಅಂದುಕೊಂಡು ಜೋರಾಗಿ ಹೊರಡುತ್ತೇವೆ. ನೀವು ಮೂರನೇ ಕಿಲೋಮೀಟರಿಗೆ ನಿಲ್ಲುವುದು ಇದರಿಂದಲೇ ಇರಬೇಕು. ವಾಚ್ ನೋಡಿ. ಮೊದಲ ಕಿಲೋಮೀಟರ್ 6 ನಿಮಿಷಕ್ಕಿಂತ ಬೇಗ ಮುಗಿದರೆ ನೀವು ಅವಸರ ಮಾಡಿದ್ದೀರಿ. ಹೆಜ್ಜೆ ಚಿಕ್ಕದು ಮಾಡಿ, ಬೇಗ ಬೇಗ ಇಡಿ. ಮತ್ತೆ, ಆ 55 ನಿಮಿಷ ಮರೆತುಬಿಡಿ. ಈಜಿ, ಸೈಕಲ್ ತುಳಿದು ಬಂದವರಿಗೆ ಒಂದು ಗಂಟೆ ಅಂದರೆ ಒಳ್ಳೆಯ ಓಟವೇ.

*

ಮೇಲಿನವರು ಹೊಟ್ಟೆ ವಿಷಯ ಬಿಟ್ಟರು. ಓಟ ಶುರುವಾಗುವಾಗ ನೀವು ಆಗಲೇ ಎರಡು ಗಂಟೆ ದುಡಿದಿರುತ್ತೀರಿ. ತಿನ್ನುವುದು ಕುಡಿಯುವುದು ಸೈಕಲ್ ಮೇಲೇ ಆಗಬೇಕು. ಓಡುವಾಗ ಹೊಟ್ಟೆ ಕುಲುಕುತ್ತದೆ, ಏನೂ ಒಗ್ಗಲ್ಲ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ ಇಟ್ಟುಕೊಳ್ಳಿ. ಎನರ್ಜಿ ಜೆಲ್ (ಪೊಟ್ಟಣದಲ್ಲಿ ಬರುವ ಸಿಹಿ ಪಾಕ) ಆಗಲಿ, ಸಿಹಿ ಪಾನೀಯ ಆಗಲಿ, ಬ್ರಿಕ್ ದಿನಗಳಲ್ಲೇ ತೆಗೆದುಕೊಂಡು ನೋಡಿ. ರೇಸ್ ದಿನ ಹೊಸದು ಯಾವುದನ್ನೂ ಬಾಯಿಗೆ ಹಾಕಬೇಡಿ. ನೀರು ಬಾಯಾರಿಕೆಗೆ ತಕ್ಕಷ್ಟು ಸಾಕು. ಹೆದರಿಕೊಂಡು ಸುಮ್ನೆ ಲೀಟರುಗಟ್ಟಲೆ ಬರೀ ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗುತ್ತದೆ. ಅದು ಅಪಾಯ.

*

ವಾರಕ್ಕೆ ಎರಡು ಬ್ರಿಕ್ ಎಲ್ಲರಿಗೂ ಅಲ್ಲ ಅಂತ ನನ್ನ ಅಭಿಪ್ರಾಯ. ನನಗೆ ನಲವತ್ತು ದಾಟಿದೆ. ದಣಿದ ಕಾಲಲ್ಲಿ ಓಡಿದಾಗ ಮೊದಲು ದೂರು ಹೇಳುವುದು ಮೀನಖಂಡ, ಆಮೇಲೆ ಹಿಮ್ಮಡಿ ಮೇಲಿನ ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ). ನಾನು ವಾರಕ್ಕೆ ಒಂದೇ ಬ್ರಿಕ್ ಮಾಡುತ್ತೇನೆ. ಉಳಿದ ಓಟದಲ್ಲಿ ಒಂದು ಉದ್ದದ್ದು, ಮಾತಾಡಿಕೊಂಡು ಓಡುವಷ್ಟು ನಿಧಾನ. ಇನ್ನೊಂದು ದಿನ ಸ್ವಲ್ಪ ಜೋರು. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಎತ್ತಿ ಇಳಿಸುವುದು. ನೋಡೋಕೆ ಬೋರು, ಆದರೆ ಇದನ್ನು ಶುರು ಮಾಡಿದ ಮೇಲೆ ಮೀನಖಂಡದ ಕಾಟ ತಪ್ಪಿದೆ. ಬೆಳಗ್ಗೆ ಎದ್ದಾಗ ಹಿಮ್ಮಡಿ ಚುಚ್ಚಿದರೆ ಆ ದಿನದ ಓಟ ಬಿಟ್ಟುಬಿಡಿ, ಈಜಿಗೆ ಹೋಗಿ.

*

ಕೇಳಿದವನೇ ಮತ್ತೆ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ಭಾರಿ ಗೇರ್ ಮಾತು ನನಗೇ ಹೇಳಿದ ಹಾಗಿದೆ, ನಿಜಕ್ಕೂ ಹಾಗೇ ತುಳಿಯುತ್ತೇನೆ. ಓಡುವಾಗ ಸಾಕ್ಸ್ ಬೇಕಾ? ಹಾಕಿಕೊಳ್ಳೋಕೆ ಟೈಮ್ ಹೋಗುತ್ತದೆ ಅಂತಾರೆ.

*

10 ಕಿ.ಮೀ. ಓಟಕ್ಕೆ ಹಾಕಿಕೊಳ್ಳಿ. ಒದ್ದೆ ಕಾಲಿಗೆ ಬೊಬ್ಬೆ ಎದ್ದರೆ ಉಳಿಸಿದ 20 ಸೆಕೆಂಡಿಗೆ ಬೆಲೆಯೇ ಇಲ್ಲ. ಟೈಮ್ ಉಳಿಸಬೇಕು ಅಂದರೆ ಶೂಗೆ ಎಲಾಸ್ಟಿಕ್ ಲೇಸ್ ಹಾಕಿಸಿ, ಗಂಟು ಕಟ್ಟುವ ಕೆಲಸ ಇರಲ್ಲ. ಅದನ್ನೂ ಈ ವಾರದ ಬ್ರಿಕ್‌ನಲ್ಲೇ ಹಾಕಿ ಓಡಿ. ಜಾಸ್ತಿ ಬಿಗಿಯಾದರೆ ಪಾದದ ಮೇಲ್ಭಾಗ ನೋಯುತ್ತದೆ.